ಮುರಿಯುವಂಥ ಬಿಲ್ಲು ಕಟ್ಟುವುದು ಹೇಗೆ?

ಮೊದಲು ಯಾವ ಬಿಲ್ಲು ಎಂಬುದನ್ನು ತೀರ್ಮಾನಿಸಿಕೊಳ್ಳಿ. ಸಣ್ಣಪುಟ್ಟ ಬಿಲ್ಲು ಕೆಡಿಸಿದರೆ ಹೆಸರು ಬರುವುದಿಲ್ಲ. ಕೆಡಿಸುವುದಾದರೆ ಜಪಾನಿನ ಯುಮಿಯನ್ನೇ ಕೆಡಿಸಿ. ಸಾಮಾನ್ಯ ಯುಮಿಯ ಉದ್ದ 221 ಸೆಂಟಿಮೀಟರ್. ನಿಲ್ಲಿಸಿದರೆ ಮನೆ ಬಾಗಿಲಿನ ಚೌಕಟ್ಟು ದಾಟುತ್ತದೆ. ಬಿದಿರು, ಮರ, ಅಂಟು, ಇಷ್ಟೇ ಸಾಮಗ್ರಿ. ಹಿಡಿ ನಡುವಿನಲ್ಲಿಲ್ಲ, ಕೆಳಗಿನಿಂದ ಮೂರನೇ ಒಂದು ಪಾಲಿನಷ್ಟು ಎತ್ತರದಲ್ಲಿದೆ. ಮೇಲಿನ ತೋಳು ಉದ್ದ, ಕೆಳಗಿನದು ಗಿಡ್ಡ, ಎರಡೂ ಒಟ್ಟಿಗೇ ಬಾಗಿ ಒಟ್ಟಿಗೇ ಮರಳಬೇಕು. ತಪ್ಪು ಮಾಡಲು ಇಷ್ಟೊಂದು ಅವಕಾಶವನ್ನು ಬೇರೆ ಯಾವ ಬಿಲ್ಲೂ ಕೊಡುವುದಿಲ್ಲ.

ಹಿಡಿ ಕೆಳಗೇಕೆ ಎಂದು ಯಾರಾದರೂ ಕೇಳೇ ಕೇಳುತ್ತಾರೆ. 'ಕುದುರೆ ಮೇಲೆ ಕೂತು ಹೊಡೆಯಲು ಅನುಕೂಲ' ಎಂದು ಥಟ್ಟನೆ ಹೇಳಿ. ಜಪಾನಿನಲ್ಲಿ ಕುದುರೆ ಸವಾರಿ ಹಬ್ಬಿದ್ದು ಐದನೇ ಶತಮಾನದ ಹೊತ್ತಿಗೆ. ಅಲ್ಲಿಯ ಜನರ ಬಿಲ್ಲಿನ ಕೆಳಭಾಗ ಗಿಡ್ಡ, ಮೇಲ್ಭಾಗ ಉದ್ದ ಎಂದು ಚೀನಾದವರು ಮೂರನೇ ಶತಮಾನದಲ್ಲೇ ಬರೆದಿಟ್ಟಿದ್ದಾರೆ. ಈ ತಕರಾರು ನಿಮ್ಮ ತಲೆ ತಿನ್ನದಿರಲಿ. ಕುದುರೆಯ ಉತ್ತರ ಕೇಳಿದವರಾರೂ ಮರುಪ್ರಶ್ನೆ ಹಾಕುವುದಿಲ್ಲ.

ಈಗ ಬಿದಿರು. ಕ್ಯೂಶೂ ದ್ವೀಪದ ಮಿಯಾಝಾಕಿ ಪ್ರಾಂತದಲ್ಲಿ ಮಿಯಾಕೊನೊಜೊ ಎಂಬ ಊರಿದೆ. ಜಪಾನಿನ ಬಿದಿರು ಬಿಲ್ಲುಗಳಲ್ಲಿ ಬಹುಪಾಲು ತಯಾರಾಗುವುದು ಅಲ್ಲಿಯೇ. 1994ರಲ್ಲಿ ಜಪಾನ್ ಸರ್ಕಾರ ಈ ಕಸುಬಿಗೆ ಸಾಂಪ್ರದಾಯಿಕ ಕರಕುಶಲದ ಮನ್ನಣೆಯನ್ನೂ ಕೊಟ್ಟಿದೆ. ಆ ಊರಿನವರು ಏನೇನು ಮಾಡುತ್ತಾರೆಂದು ಚೆನ್ನಾಗಿ ಓದಿಕೊಳ್ಳಿ. ಏಕೆಂದರೆ ಅದೆಲ್ಲವನ್ನೂ ನೀವು ಬಿಡಬೇಕು, ಬಿಟ್ಟ ಮೇಲೆ ಮಾಡಿದೆನೆಂದು ಹೇಳಬೇಕು.

ಅವರು ಮದಾಕೆ ಎಂಬ ಜಾತಿಯ ಬಿದಿರನ್ನು ಮೂರು ವರ್ಷ ಬಲಿಯಲು ಬಿಟ್ಟು, ಚಳಿಗಾಲದಲ್ಲಿ ಕಡಿಯುತ್ತಾರೆ. ಆಗ ಗಳದಲ್ಲಿ ನೀರಿನಂಶ ಕಡಿಮೆ, ಹುಳು ತಿನ್ನುವ ಪಿಷ್ಟವೂ ಕಡಿಮೆ. ನಮ್ಮ ಹಳ್ಳಿಯ ಹಿರಿಯರೂ ಬಿದಿರು ಕಡಿಯುವುದಕ್ಕೆ ದಿನ, ತಿಥಿ ನೋಡುತ್ತಿದ್ದರು. ನೀವು ನಿಮ್ಮ ರಜೆ ನೋಡಿ. ಭಾನುವಾರ ಬಿಡುವಿದೆಯೆ? ಹಾಗಾದರೆ ಭಾನುವಾರವೇ ಬಿದಿರಿಗೂ ಪ್ರಶಸ್ತ. ಮಳೆಗಾಲವಾದರೆ ಇನ್ನೂ ಒಳ್ಳೆಯದು, ಹಸಿ ಗಳ ಬೆಣ್ಣೆಯಂತೆ ಸೀಳುತ್ತದೆ. ಆರು ತಿಂಗಳ ಮೇಲೆ ಬಿಲ್ಲಿನ ಕೆಳಗೆ ನೆಲದ ಮೇಲೆ ಹಳದಿ ಹುಡಿ ಉದುರಿದ್ದು ಕಂಡರೆ ಗಾಬರಿ ಬೀಳಬೇಡಿ. ಕುಟ್ಟೆ ಹುಳು ಒಳಗಿನಿಂದ ಬಿಲ್ಲನ್ನು ಹಗುರ ಮಾಡುತ್ತಿದೆ, ಅಷ್ಟೇ.

ಕಡಿದ ಬಿದಿರನ್ನು ಅವರು ಕೆಂಡದ ಮೇಲೆ ಹಿಡಿದು ತಿರುಗಿಸುತ್ತಾರೆ. ಸ್ವಲ್ಪ ಹೊತ್ತಿಗೆ ಹಸಿರು ಸಿಪ್ಪೆಯ ಮೇಲೆ ಎಣ್ಣೆ ಬೆವರಿನಂತೆ ಹನಿಗಟ್ಟುತ್ತದೆ. ಅದನ್ನು ಬಟ್ಟೆಯಲ್ಲಿ ಒರೆಸಿ, ಮತ್ತೆ ಕಾಯಿಸಿ, ಮತ್ತೆ ಒರೆಸಿ, ಆಮೇಲೆ ತಿಂಗಳುಗಟ್ಟಲೆ ಒಣಗಿಸುತ್ತಾರೆ. ಎಣ್ಣೆ ಉಳಿದರೆ ಅಂಟು ಕೂರುವುದಿಲ್ಲವಂತೆ. ನೀವು ಗ್ಯಾಸ್ ಒಲೆಯ ಮೇಲೆ ಒಂದು ಸುತ್ತು ಆಡಿಸಿ. ಬಿದಿರು ಅಲ್ಲಲ್ಲಿ ಕಪ್ಪಾಗಿ, ಮನೆ ತುಂಬ ಹೊಗೆಯಾಗಿ, ಒಳಗಿನಿಂದ ಬೈಗುಳ ಕೇಳಿಸಿದ ತಕ್ಷಣ ಕೆಲಸ ಮುಗಿಯಿತೆಂದು ತಿಳಿಯಿರಿ. ಕಪ್ಪು ಕಲೆಗಳಿಗೆ 'ಹಳೆಯ ಕಾಲದ ಕಳೆ' ಎನ್ನಿ.

ಮುಂದೆ ಬಿಲ್ಲಿನ ಹೊಟ್ಟೆಯೊಳಗಿನ ಕೆಲಸ. ಮೊದಮೊದಲು ಜಪಾನೀಯರ ಬಿಲ್ಲು ಒಂದೇ ಮರದ ಕೊಂಬೆಯಾಗಿತ್ತು. ಹೇಯಾನ್ ಯುಗದ ಕೊನೆಯ ಹೊತ್ತಿಗೆ ಹೊರಮೈಗೆ ಬಿದಿರು ಅಂಟಿಸಿದರು. ಮುಂದೆ ಒಳಮೈಗೂ ಅಂಟಿಸಿದರು. ಆಮೇಲೆ ನಾಲ್ಕೂ ಕಡೆ. ಕೊನೆಗೆ ನಡುವಿನ ಮರವನ್ನೇ ತೆಗೆದು, ಆ ಜಾಗದಲ್ಲಿ ಬಿದಿರಿನ ತೆಳು ಸೀಳುಗಳನ್ನು ಅಂಚಿನ ಮೇಲೆ ನಿಲ್ಲಿಸಿ ಸಾಲಾಗಿ ಜೋಡಿಸುವುದು ರೂಢಿಗೆ ಬಂತು. ಈ ಸೀಳುಗಳಿಗೆ ಹಿಗೊ ಎನ್ನುತ್ತಾರೆ. ಸೀಳುಗಳನ್ನು ಬೆಂಕಿಯಲ್ಲಿ ಹದವಾಗಿ ಕರಕು ಮಾಡುತ್ತಾರೆ, ಗಡಸುತನ ಬರಲೆಂದು. ಎರಡು ಪಕ್ಕಕ್ಕೆ ಹಜೆ ಎಂಬ ಮರದ ಪಟ್ಟಿ, ಎದುರಿಗೊಂದು ಬಿದಿರ ದಬ್ಬೆ, ಬೆನ್ನಿಗೊಂದು. ಎರಡೂ ದಬ್ಬೆಗಳ ಸಿಪ್ಪೆ ಹೊರಗೆ. ಬಿದಿರಿನ ನಾರು ಸಿಪ್ಪೆಯ ಹತ್ತಿರವೇ ದಟ್ಟವಾಗಿರುವುದು, ಬಲವೆಲ್ಲ ಅಲ್ಲಿಯೇ. ಇಷ್ಟನ್ನು ಕಂಡುಕೊಳ್ಳಲು ಅವರಿಗೆ ಕೆಲವು ಶತಮಾನ ಹಿಡಿಯಿತು. ನಿಮಗೆ ಹತ್ತು ನಿಮಿಷ ಸಾಕು. ಸಿಪ್ಪೆಯನ್ನು ಕೀಸುಳಿಯಿಂದ ಪೂರ್ತಿ ಕೀಸಿ ತೆಗೆಯಿರಿ. ಮೇಲ್ಮೈ ನುಣುಪಾಗುತ್ತದೆ, ಫೋಟೊಗೆ ಚೆನ್ನಾಗಿ ಬರುತ್ತದೆ. ಗೆಣ್ಣುಗಳನ್ನೂ ಸಪಾಟು ಮಾಡಿ, ಬಿಲ್ಲಿಗೆ ಗಂಟುಮುಖ ಯಾಕೆ?

ಹಜೆ ಮರದ ವಿಷಯದಲ್ಲಿ ಮಾತ್ರ ಸಂಪ್ರದಾಯ ಬಿಡಬೇಡಿ. ಇದು ಜಪಾನೀಯರು ಮೇಣ ತೆಗೆಯುವ ಮರ, ಅರಗುಮರದ ನೆಂಟ, ನಮ್ಮ ಗೇರಿನ ಕುಟುಂಬದ್ದೇ. ಗೇರು ಸೊನೆ ಕೈಗೆ ತಾಗಿದವರಿಗೆ ಈ ವಂಶದ ಗುಣ ಹೇಳಬೇಕಾಗಿಲ್ಲ. ಕೈಗವಸು, ಮುಖಗವಸು ಎರಡನ್ನೂ ದೂರವಿಡಿ. ಮೂರನೇ ದಿನ ಮೊಣಕೈತನಕ ಬೊಬ್ಬೆ ಎದ್ದಾಗ ಅಂಗಿಯ ತೋಳು ಮಡಚಿ ಎಲ್ಲರೆದುರು ಓಡಾಡಿ. ಕುಶಲಕರ್ಮಿಗೆ ಇದಕ್ಕಿಂತ ದೊಡ್ಡ ಬಿರುದಿಲ್ಲ.

ಅಂಟಿನ ವಿಚಾರಕ್ಕೆ ಬರೋಣ. ಯುಮಿಯ ಜೀವವೇ ನಿಬೆ. ಜಿಂಕೆಯ ಚರ್ಮವನ್ನು ಬೇಯಿಸಿ ತೆಗೆಯುವ ಅಂಟು ಇದು, ನಮ್ಮ ಹಳೆಯ ಬಡಗಿಗಳು ಕುದಿಸಿ ಬಳಸುತ್ತಿದ್ದ ಸರೇಸಿನ ಜಾತಿಯದೇ. ಬಿಸಿಯಿರುವಾಗ ಹರಿಯುತ್ತದೆ, ಆರಿದರೆ ಹೆಪ್ಪುಗಟ್ಟುತ್ತದೆ, ಒಣಗಿದ ಮೇಲೂ ಸ್ವಲ್ಪ ಬಳುಕುತ್ತದೆ. ಆ ಬಳುಕಿನಿಂದಲೇ ನಿಬೆಯ ಬಿಲ್ಲು ಬಾಣ ಬಿಟ್ಟಾಗ ಕೈಗೆ ಮೃದುವಾಗಿರುತ್ತದೆ ಎನ್ನುತ್ತಾರೆ ಬಲ್ಲವರು. ಆದರೆ ಮಳೆಗಾಲದ ತೇವ, ಬೇಸಗೆಯ ಸೆಕೆ ಎರಡೂ ಇದಕ್ಕೆ ಆಗದು. ಹೀಗಾಗಿ ಜಪಾನಿನಲ್ಲೂ ಈಗ ಹೆಚ್ಚಿನ ಬಿಲ್ಲುಗಳಿಗೆ ಕೃತಕ ಅಂಟೇ.

ನಿಬೆಗಾಗಿ ಜಿಂಕೆಯ ಚರ್ಮ ಹುಡುಕಿಕೊಂಡು ಹೋಗಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ, ಬಿಲ್ಲು ಕಟ್ಟುವ ಮುನ್ನವೇ ಜಾಮೀನು ಕಟ್ಟಬೇಕಾದೀತು. ಹಾರ್ಡ್‌ವೇರ್ ಅಂಗಡಿಯ ಬಿಳಿ ಅಂಟು ತನ್ನಿ. ಅದಕ್ಕೂ ಅರ್ಧ ನೀರು ಬೆರೆಸಿ, ಹೆಚ್ಚು ಬಾಳುತ್ತದೆ. ಡಬ್ಬ ಬಾಳುತ್ತದೆ ಎಂದೆ, ಬಿಲ್ಲಲ್ಲ. ಕೇಳಿದವರಿಗೆ 'ನಿಬೆ' ಎಂದಷ್ಟೇ ಹೇಳಿ, ಹೇಳುವಾಗ ದನಿ ಸ್ವಲ್ಪ ತಗ್ಗಿಸಿ.

ಇನ್ನು ಬೆಣೆ. ಇಡೀ ಕೆಲಸದ ತಿರುಳು ಇಲ್ಲೇ ಇರುವುದರಿಂದ ಗಮನವಿಟ್ಟು ಕೇಳಿ. ಅಂಟು ಬಳಿದು ಪದರಗಳನ್ನು ಜೋಡಿಸಿದ ಮೇಲೆ ಮಿಯಾಕೊನೊಜೊದವರು ಬಿಲ್ಲನ್ನು ತುದಿಯಿಂದ ತುದಿಗೆ ಹಗ್ಗದಿಂದ ಸುತ್ತುತ್ತಾರೆ. ಸುತ್ತಿದ ಹಗ್ಗಕ್ಕೂ ಬಿದಿರಿಗೂ ನಡುವೆ ಬಿದಿರಿನ ಬೆಣೆಗಳನ್ನು ಒಂದೊಂದಾಗಿ ತೂರಿಸಿ ಕೊಡತಿಯಿಂದ ಬಡಿಯುತ್ತಾರೆ. ಒಂದು ಬಿಲ್ಲಿಗೆ ಬೆಣೆ ನೂರರ ಆಸುಪಾಸು. ಬಡಿದಂತೆ ಹಗ್ಗ ಬಿಗಿಯುತ್ತದೆ, ಪದರದ ಸಂದಿಯಿಂದ ಅಂಟು ಜಿನುಗುತ್ತದೆ. ಅದೇ ಹೊತ್ತಿಗೆ ಬಿಲ್ಲನ್ನು ಹಿಮ್ಮುಖವಾಗಿ ಬಾಗಿಸುತ್ತಾ ಹೋಗುತ್ತಾರೆ, ಅಂದರೆ ಮುಂದೆ ಹೆದೆ ಏರಿಸಿದಾಗ ಬಾಗುವ ದಿಕ್ಕಿಗೆ ತದ್ವಿರುದ್ಧವಾಗಿ. ಎಲ್ಲಿ ಎಷ್ಟು ಬಾಗಬೇಕು ಎಂಬುದಕ್ಕೆ ಅಚ್ಚಿಲ್ಲ. ಒಂದು ಬೆಣೆಯನ್ನು ಈ ಪಕ್ಕ ಬಡಿದರೆ ಬಿಲ್ಲು ಆ ಪಕ್ಕ ವಾಲುತ್ತದೆ, ಅದನ್ನು ಸರಿಪಡಿಸಲು ಆ ಪಕ್ಕದ್ದನ್ನು ಒಂದು ಏಟು. ಕಣ್ಣೇ ಅಳತೆಕೋಲು. ಇದಿಷ್ಟೂ ಅಂಟು ಆರಿ ಹೆಪ್ಪುಗಟ್ಟುವ ಮುನ್ನ ಮುಗಿಯಬೇಕು.

ನೀವು ಅಂಟು ಬಳಿದ ತಕ್ಷಣ ಮೊಬೈಲ್ ಸ್ಟ್ಯಾಂಡ್ ಹುಡುಕಿ. ಬೆಳಕು ಯಾವ ಕಡೆಯಿಂದ ಬರುತ್ತಿದೆ ನೋಡಿ, ಕಿಟಕಿ ಪರದೆ ಸರಿಸಿ, ವಿಡಿಯೊ ಶುರುಮಾಡಿ, 'ನಮಸ್ಕಾರ ಸ್ನೇಹಿತರೇ' ಎನ್ನಿ. ಆಮೇಲೆ ಹಗ್ಗಕ್ಕೆ ಕೈಹಾಕಿ. ಹಗ್ಗ ಸಿಗದಿದ್ದರೆ ಬಟ್ಟೆ ಒಣಹಾಕುವ ನೈಲಾನ್ ತಂತಿ ಬಿಚ್ಚಿಕೊಳ್ಳಿ. ನೂರು ಬೆಣೆ ಕೆತ್ತುತ್ತಾ ಕೂರುವುದು ಹುಚ್ಚು, ಏಳೆಂಟು ಸಾಕು, ಹೇಗೂ ವಿಡಿಯೊದಲ್ಲಿ ಕಾಣಿಸುವುದು ಅಷ್ಟೇ. ಬಡಿಯಲು ಭಾವಮೈದುನನನ್ನು ಕರೆಯಿರಿ. ಅವನು ಒಂದೇ ಪಕ್ಕದಲ್ಲಿ ನಿಂತು ಎಲ್ಲವನ್ನೂ ಒಂದೇ ಕಡೆಗೆ ಬಡಿಯಲಿ. ಮರುದಿನ ಹಗ್ಗ ಬಿಚ್ಚಿದಾಗ ಬಿಲ್ಲು ಹಾವಿನಂತೆ ಪಕ್ಕಕ್ಕೆ ಹರಿದಿದ್ದರೆ ತಪ್ಪು ಯಾರದೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿರುತ್ತದೆ. ಅಂದಹಾಗೆ, ಮಿಯಾಕೊನೊಜೊದಲ್ಲಿ ಬಿದಿರಿನಿಂದ ಹಿಡಿದು ಕೊನೆಯ ಕೀಸುವಿಕೆಯವರೆಗೆ ಸುಮಾರು 200 ಹಂತದ ಕೆಲಸವನ್ನು ಒಬ್ಬನೇ ಮಾಡುವುದು ರೂಢಿ. ಅವರಿಗೆ ತಪ್ಪು ಹೊರಿಸಲು ಇನ್ನೊಬ್ಬನಿಲ್ಲ. ಪಾಪ, ಅದಕ್ಕೇ ಹುಷಾರಾಗಿ ಮಾಡುತ್ತಾರೆ.

ಈಗ ಹೆದೆ ಏರಿಸುವುದು. ಹಿಮ್ಮುಖವಾಗಿ ಬಾಗಿ ಕೂತ ಹೊಸ ಬಿಲ್ಲನ್ನು ಮೊದಲ ಸಲ ಮುಮ್ಮುಖವಾಗಿ ಬಾಗಿಸುವುದು ಭಯದ ಗಳಿಗೆ. ನುರಿತವರೂ ಅದನ್ನೊಂದು ಮರದ ಚೌಕಟ್ಟಿಗೆ ಸಿಕ್ಕಿಸಿ, ಸ್ವಲ್ಪ ಸ್ವಲ್ಪವೇ ಎಳೆದು, ಎರಡೂ ಕೊಪ್ಪುಗಳಿಗೆ ಸೆಣಬಿನ ಹೆದೆ ಕೊಡುತ್ತಾರೆ. ನೀವು ಮೊಣಕಾಲು ಕೊಟ್ಟು ಒಂದೇ ಜಗ್ಗಿಗೆ ಬಾಗಿಸಿ. ಸುತ್ತ ಜನ ಇರಲಿ. ಲಟಕ್ಕೆಂದು ಮುರಿದರೆ ಕುಗ್ಗಬೇಡಿ. ಹೆದೆ ಏರಿಸುವಾಗ ಬಿಲ್ಲು ಮುರಿದವನಿಗೇ ಮಿಥಿಲೆಯಲ್ಲಿ ಸೀತೆ ಸಿಕ್ಕಿದ್ದು. ನಿಮಗೆ ಈಗಾಗಲೇ ಮದುವೆಯಾಗಿದ್ದರೆ ಆ ಉದಾಹರಣೆ ಎತ್ತಬೇಡಿ.

ಮುರಿಯಲಿಲ್ಲವೆಂದರೆ ಕಷ್ಟ. ಮುಂದಿನ ಹಂತ ತಾಳ್ಮೆಯದು. ಹೆದೆ ಏರಿಸಿದ ಬಿಲ್ಲನ್ನು ಅವರು ದಿನಗಟ್ಟಲೆ ಹಾಗೆಯೇ ಇಟ್ಟು, ಬಂದುಹೋಗುವಾಗಲೆಲ್ಲ ನೋಡುತ್ತಾರೆ. ಗಟ್ಟಿಯಿರುವಲ್ಲಿ ಕಾಲಿಟ್ಟು ಒತ್ತುತ್ತಾರೆ, ಪಕ್ಕದ ಮರವನ್ನು ಒಂದೆಳೆ ಕೀಸುತ್ತಾರೆ, ಮತ್ತೆ ಬಿಡುತ್ತಾರೆ. ಬಾಣ ಯುಮಿಯ ಬಲಪಕ್ಕದಿಂದ ಹೋಗುವುದರಿಂದ ಹೆದೆ ಬಿಲ್ಲಿನ ನಟ್ಟನಡುವಿನಲ್ಲಿ ನಿಲ್ಲದೆ ತುಸು ಬಲಕ್ಕೆ ಸರಿದು ನಿಲ್ಲಬೇಕು. ಕೂದಲೆಳೆಯ ಲೆಕ್ಕ ಇದು. ನೀವು ಈ ಒಳಗುಟ್ಟಿಗೆಲ್ಲ ಹೋಗದೆ ಹೆದೆ ಎಲ್ಲಿ ನಿಂತಿತೋ ಅಲ್ಲೇ ಸರಿ ಎನ್ನಿ. ಎಡಕ್ಕೆ ನಿಂತರೆ ಬಾಣ ಬಲಕ್ಕೆ ಹಾರುತ್ತದೆ. ಆಗ ಗುರಿಯನ್ನು ಬಲಕ್ಕೆ ಒಯ್ದು ನೆಡಿ. ಇನ್ನೂ ಎಡಕ್ಕೆ ಜಾರಿದರೆ ಎಳೆಯುವಾಗಲೇ ಬಿಲ್ಲು ಮಗುಚಿಕೊಳ್ಳುತ್ತದೆ, ಆ ಹೊತ್ತಿಗೆ ನೀವು ಹಿಂದೆ ಸರಿದಿರಿ.

ಇಷ್ಟೂ ಬೇಡ ಎನ್ನುವ ಜಾಣರಿಗೆ ಅಡ್ಡದಾರಿಯೂ ಇದೆ. ಜಪಾನಿನ ಶಾಲಾ ಮಕ್ಕಳು ಕಲಿಯುವುದು ಹೆಚ್ಚಾಗಿ ಗ್ಲಾಸ್ ಫೈಬರ್ ಬಿಲ್ಲಿನಲ್ಲಿ. ಬೀಳಿಸಿದರೂ ನೆನೆಸಿದರೂ ಅದಕ್ಕೆ ಏನೂ ಆಗದು. ಹೊರಗೆ ಬಿದಿರು, ಒಳಗೆ ಕಾರ್ಬನ್ ಇಟ್ಟ ಬಿಲ್ಲುಗಳೂ ಬರುತ್ತವೆ. ಅಲ್ಲಿಯ ಅಂಗಡಿಯವರು ಒಳಗೇನಿದೆಯೆಂದು ಚೀಟಿಯಲ್ಲಿ ನೇರವಾಗಿ ಬರೆದೇ ಮಾರುತ್ತಾರೆ. ನೀವು ಒಂದನ್ನು ಕೊಂಡು, ಚೀಟಿ ಕಿತ್ತು, ಹಿಡಿಯ ಕೆಳಗೆ ನಿಮ್ಮ ಹೆಸರು ಕೆತ್ತಿ. ಹೆಸರು ಕನ್ನಡದಲ್ಲಿರಲಿ, ನಾಡಿನ ಅಭಿಮಾನವೂ ಸೇರಿದಂತಾಗುತ್ತದೆ.

ಬಿಲ್ಲು ತೀರಾ ಮೆತ್ತಗಾಗಿ, ಮಕ್ಕಳೂ ಎಳೆಯುವಂತಾದರೆ ಚರಿತ್ರೆಯ ಆಸರೆ ಹಿಡಿಯಿರಿ. 1185ರ ಯಾಶಿಮಾ ಕಾಳಗದಲ್ಲಿ ಸೇನಾಪತಿ ಮಿನಾಮೊಟೊ ಯೊಶಿತ್ಸುನೆಯ ಬಿಲ್ಲು ಸಮುದ್ರಕ್ಕೆ ಬಿತ್ತು. ಶತ್ರುಗಳ ಕೊಕ್ಕೆಗಳ ನಡುವೆ ಕುದುರೆ ಮೇಲಿನಿಂದ ಬಗ್ಗಿ, ಚಾವಟಿಯಿಂದ ಗೋರಿ, ಪ್ರಾಣ ಪಣಕ್ಕಿಟ್ಟು ಅದನ್ನು ಎತ್ತಿಕೊಂಡನೆಂದು 'ಹೇಕೆ ಮೊನೊಗತಾರಿ' ಎಂಬ ಹಳೆಯ ಯುದ್ಧಕಥನ ಹೇಳುತ್ತದೆ. ಬಿಲ್ಲಿನ ಮೇಲೆ ಅಷ್ಟು ಆಸೆಯೇ ಎಂದು ಹಿರಿಯ ಭಂಟರು ಗದರಿದರು. ಆಸೆಯಲ್ಲ, ಚಿಕ್ಕಪ್ಪ ತಮೆತೊಮೊನಂಥವನ ಗಟ್ಟಿ ಬಿಲ್ಲಾಗಿದ್ದರೆ ಬೇಕೆಂದೇ ಬೀಳಿಸುತ್ತಿದ್ದೆ, ಈ ಪೀಚಲು ಬಿಲ್ಲು ಶತ್ರುವಿನ ಕೈಗೆ ಸಿಕ್ಕಿ 'ಇದು ಸೇನಾಪತಿಯ ಬಿಲ್ಲಂತೆ' ಎಂದು ನಗುವಂತಾಗಬಾರದು ಎಂಬುದು ಅವನ ಉತ್ತರ. ಇದರಿಂದ ನೀವು ಎರಡು ಪಾಠ ಕಲಿಯಿರಿ. ಮೆತ್ತನೆಯ ಬಿಲ್ಲಿನಿಂದಲೂ ಯುದ್ಧ ಗೆಲ್ಲಬಹುದು. ಮತ್ತು ಬಿಲ್ಲನ್ನು ಯಾರ ಕೈಗೂ ಕೊಡಬಾರದು. ಕ್ಯೂದೊ, ಅಂದರೆ ಜಪಾನೀ ಬಿಲ್ವಿದ್ಯೆಯ ಶಾಲೆಗಳಲ್ಲಿ ಇನ್ನೊಬ್ಬರ ಬಿಲ್ಲನ್ನು ಕೇಳದೆ ಮುಟ್ಟದಿರುವುದೇ ಮರ್ಯಾದೆ. ನಿಮ್ಮ ಪಾಲಿಗೆ ಇದು ವರ. ನೆಂಟರ ಹುಡುಗ 'ಅಂಕಲ್, ಒಂದ್ಸಲ ಎಳೀಲಾ?' ಎಂದರೆ ಕಣ್ಣು ಅರೆಮುಚ್ಚಿ 'ಸಂಪ್ರದಾಯ ಇಲ್ಲಪ್ಪಾ' ಎನ್ನಿ. ಬಿಲ್ಲು ಬೇಗ ತೊಲಗಬೇಕೆಂದಿದ್ದರೆ ಮಾತ್ರ ಕೊಡಿ. ಹುಡುಗ ಬಾಣವಿಲ್ಲದೆ ಬರಿ ಹೆದೆ ಎಳೆದು ಬಿಡುತ್ತಾನೆ. ಬಾಣ ಒಯ್ಯಬೇಕಿದ್ದ ಬಲವೆಲ್ಲ ಬಿಲ್ಲಿನ ಮೈಗೇ ಬಡಿದು ಪದರ ಬಿಡುತ್ತದೆ.

ಪರೀಕ್ಷೆಯನ್ನು ಆದಷ್ಟು ಮುಂದೂಡಿ. ಕ್ಯೋಟೊದ ಸಂಜೂಸಂಗೆಂದೊ ದೇಗುಲದ ಸುಮಾರು 120 ಮೀಟರ್ ಉದ್ದದ ಪಡಸಾಲೆಯಲ್ಲಿ 1686ರಲ್ಲಿ ವಾಸಾ ದೈಹಾಚಿರೊ ಎಂಬ ತರುಣ ಒಂದು ಹಗಲು, ಒಂದು ರಾತ್ರಿ ಬಾಣ ಬಿಟ್ಟ. 13,053 ಬಾಣಗಳಲ್ಲಿ 8,133 ಪಡಸಾಲೆಯ ಆ ತುದಿ ಮುಟ್ಟಿದವು. ಈ ಅಂಕಿಯನ್ನು ಬಾಯಿಪಾಠ ಮಾಡಿ, ಸಭೆಯಲ್ಲಿ ಹೇಳಿ, ಹೇಳುವಾಗ ನಿಮ್ಮ ಬಿಲ್ಲನ್ನು ಸವರುತ್ತಿರಿ. ಬಿಡುವುದು ಮಾತ್ರ ಒಂದೇ ಬಾಣ. ಯುಮಿಯಲ್ಲಿ ಹೆದೆಯನ್ನು ಕಿವಿಯ ಹಿಂದಿನವರೆಗೆ ಎಳೆಯುತ್ತಾರೆ. ಹಿಡಿತ ತಪ್ಪಿದರೆ ಅದು ಮರಳುವ ದಾರಿಯಲ್ಲಿ ಕೆನ್ನೆ, ಕಿವಿ, ಕನ್ನಡಕ ಮೂರನ್ನೂ ವಿಚಾರಿಸಿಕೊಂಡು ಹೋಗುತ್ತದೆ. ಹಳೆಯ ಕನ್ನಡಕ ಹಾಕಿಕೊಳ್ಳಿ.

ಗುರಿ ತಪ್ಪಿದಾಗ ಏನು ಮಾಡಬೇಕೆಂಬುದಕ್ಕೆ ಜರ್ಮನಿಯ ಪ್ರಾಧ್ಯಾಪಕ ಓಯ್ಗನ್ ಹೆರಿಗೆಲ್ ದಾರಿ ತೋರಿಸಿದ್ದಾರೆ. 1920ರ ದಶಕದಲ್ಲಿ ಸೆಂದೈ ನಗರದಲ್ಲಿ ತತ್ತ್ವಶಾಸ್ತ್ರ ಕಲಿಸುತ್ತಾ, ಆವಾ ಕೆಂಜೊ ಎಂಬ ಗುರುವಿನ ಬಳಿ ಬಿಲ್ವಿದ್ಯೆ ಕಲಿತರು. ಮಾತುಕತೆ ದುಭಾಷಿಯ ಮೂಲಕ. 1948ರಲ್ಲಿ ಪುಸ್ತಕ ಬಂತು, ಬಿಲ್ಲೆಂದರೆ ಝೆನ್ ಎಂದು ಜಗತ್ತು ನಂಬಿತು. ಹಾಗಾಗಿ ನಿಮ್ಮ ಬಾಣ ಪಕ್ಕದ ಮನೆಯ ನೀರಿನ ಟ್ಯಾಂಕಿಗೆ ನಾಟಿದರೆ ಕ್ಷಮೆ ಕೇಳುವ ಮೊದಲು ಒಂದು ಉಸಿರು ಸುಮ್ಮನಿರಿ. ಆಮೇಲೆ 'ಬಾಣ ಬಿಟ್ಟವನು ನಾನಲ್ಲ' ಎನ್ನಿ. ಪಕ್ಕದ ಮನೆಯವರು ಝೆನ್ ಓದಿಲ್ಲದಿದ್ದರೆ ಟ್ಯಾಂಕಿನ ದುಡ್ಡು ಕೊಡಿ.

ಇಷ್ಟಾದ ಮೇಲೂ ಬಿಲ್ಲು ಜೀವದಿಂದಿದ್ದರೆ ಬೇಸಗೆಯಲ್ಲಿ ಕಾರಿನೊಳಗೆ ಬಿಟ್ಟು, ಕಿಟಕಿ ಗಾಜು ಏರಿಸಿ ಬನ್ನಿ. ಸಂಜೆ ಹೊತ್ತಿಗೆ ಪದರಗಳು ಬೀಸಣಿಗೆಯಂತೆ ತೆರೆದುಕೊಂಡಿರುತ್ತವೆ. ಎಲ್ಲವನ್ನೂ ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿ, ಬಿಲ್ಲು 'ವಿಶ್ರಾಂತಿಯಲ್ಲಿದೆ' ಎಂದು ಹೇಳಿ. ಮಿಯಾಕೊನೊಜೊದಲ್ಲೂ ಹೊಸ ಬಿಲ್ಲನ್ನು ತಿಂಗಳುಗಟ್ಟಲೆ ವಿಶ್ರಾಂತಿಗೆ ಬಿಡುತ್ತಾರೆ, ಆದ್ದರಿಂದ ಇದು ಸುಳ್ಳಲ್ಲ.

ಇನ್ನು ತಡಮಾಡದೆ ಕಲಿಸಲು ಶುರುಮಾಡಿ. ಎರಡು ದಿನದ ಶಿಬಿರ ಸಾಕು. ಶುಲ್ಕ ಮುಂಗಡ ಪಡೆಯಿರಿ, ಮರಳಿಸಲಾಗದು ಎಂದು ಸಣ್ಣ ಅಕ್ಷರದಲ್ಲಿ ಹಾಕಿ. ಮೊದಲ ದಿನ ಪೂರ್ತಿ ಬಿದಿರಿನ ಬಗ್ಗೆ ಮಾತಾಡಿ, ಎರಡನೇ ದಿನ ಮಧ್ಯಾಹ್ನದ ತನಕ ಮೌನದ ಬಗ್ಗೆ ಮಾತಾಡಿ. ಊಟಕ್ಕೆ ಒಳ್ಳೆಯ ಪಾಯಸ ಇರಲಿ, ಅಭಿಪ್ರಾಯದ ಹಾಳೆಯಲ್ಲಿ ಜನ ಅದನ್ನೇ ಬರೆಯುವುದು. ಕೊನೆಯಲ್ಲಿ ಯಾರ ಕೈಗೂ ಬಿಲ್ಲು ಕೊಡಬೇಡಿ, ಪ್ರಮಾಣಪತ್ರ ಕೊಡಿ. ದಪ್ಪ ಕಾಗದದಲ್ಲಿ ಮುದ್ರಿಸಿ, ಸಹಿ ಹಾಕಿ, ಜೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಷನ್ ಮಾಡಿಸಿ. ಅವರ ಅಂಟು ಬಿಡುವುದಿಲ್ಲ.